ಹಡಗಿನ ಪಟ್ಟಿಯಲ್ಲಿಲ್ಲದ ಹೆಸರು

ರಾಮನಗರವನ್ನು ನಮ್ಮ ಕಡೆಯ ಹಿರಿಯರು ಬಹಳ ಕಾಲ ಕ್ಲೋಸ್‌ಪೇಟೆ ಎಂದೇ ಕರೆಯುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ಬ್ರಿಟಿಷ್ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್‌ನ ಹೆಸರು ಅದು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿ ಅಲ್ಲಿ ಕಾಡು, ಬಂಡೆಗಳ ನಡುವೆ ಸಾಗುತ್ತಿತ್ತು. ದಾರಿಗೆ ಕಾವಲಾಗಲೆಂದು ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1800ರಲ್ಲಿ, ಒಂದು ಪೇಟೆ ಎದ್ದಿತು. ಅದಕ್ಕೆ ರೆಸಿಡೆಂಟನ ಹೆಸರಿಟ್ಟರು. ಸ್ವಾತಂತ್ರ್ಯದ ನಂತರ ಊರಿನ ಹೆಸರು ಬದಲಾಯಿತು. ಆದರೆ ಭೂವಿಜ್ಞಾನಿಗಳು ನಮ್ಮ ಬೆಟ್ಟಗಳ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ.

ಕ್ಲೋಸ್ ಕೊನೆಗಾಲದಲ್ಲಿ ಯುರೋಪಿಗೆ ಮರಳಿ, 1813ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅದೇ ವರ್ಷ ಹೈದರಾಬಾದಿನಲ್ಲಿ ಇಪ್ಪತ್ತೇಳರ ಆಸುಪಾಸಿನ ಒಬ್ಬ ಹೆಂಗಸು ತೀರಿಕೊಂಡಳು. ಆಕೆಯ ಗಂಡನೂ ಕ್ಲೋಸ್‌ನಂತೆಯೇ ಕಂಪನಿಯ ರೆಸಿಡೆಂಟ್. ಆಕೆಯ ಹೆಸರು ಖೈರುನ್ನೀಸಾ. ಇಬ್ಬರು ಮಕ್ಕಳನ್ನು ಎಂಟು ವರ್ಷಗಳ ಹಿಂದೆ ಇಂಗ್ಲೆಂಡಿಗೆ ಕಳಿಸಿದ್ದವಳು, ಸಾಯುವವರೆಗೂ ಅವರನ್ನು ಮತ್ತೆ ಕಾಣಲಿಲ್ಲ. ಒಂದೇ ಬಗೆಯ ಅಧಿಕಾರದ ನೆರಳಿನಲ್ಲಿದ್ದ ಎರಡು ಹೆಸರುಗಳಲ್ಲಿ ಒಂದು ಕಲ್ಲಿಗಂಟಿ ಉಳಿಯಿತು, ಇನ್ನೊಂದು ಸುಮಾರು ಎರಡು ನೂರು ವರ್ಷ ಕಾಗದಗಳ ಕಟ್ಟಿನಲ್ಲಿ ಮುಚ್ಚಿಹೋಗಿತ್ತು.

ನನ್ನೂರು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ. ನಮ್ಮ ಸೀಮೆಗೆ ಕಂಪನಿಯ ಕಾಲ ಬಂದದ್ದು ಈ ಹೆದ್ದಾರಿಯಲ್ಲೇ. 1800ರಲ್ಲಿ ಇದೇ ದಾರಿಯಲ್ಲಿ ಹೋದ ಫ್ರಾನ್ಸಿಸ್ ಬುಕನನ್, ಚನ್ನಪಟ್ಟಣದ ಗಾಜಿನ ಬಳೆ, ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ, ಬೆಳ್ಳನೆಯ ಸಕ್ಕರೆ ಎಲ್ಲವನ್ನೂ ಬರೆದಿಟ್ಟ. ಸಕ್ಕರೆಯ ಬಣ್ಣವನ್ನು ಕೂಡ ಗಮನಿಸಿ ಬರೆದ ಕಾಲ ಅದು. ಆದರೆ ಈ ದೇಶಕ್ಕೆ ಬಂದು, ಇಲ್ಲೇ ಸಂಸಾರ ಹೂಡಿ, ಕೆಲಸ ಮುಗಿದ ಮೇಲೆ ಹಡಗು ಹತ್ತಿದ ಗಂಡಸರ ಹೆಂಡಿರ ಹೆಸರು ಬರೆಯುವಾಗ ಅದೇ ಕಾಲದ ಕೈ ಹಿಂಜರಿಯಿತು. ಪರದೇಶದಲ್ಲಿ ಬಾಳಿ, ಅಲ್ಲಿನವಳನ್ನು ಮದುವೆಯಾಗಿ, ತನ್ನ ಊರಿಗೆ ಮರಳುವ ಯುರೋಪಿಯನ್ನನ ಜೊತೆಗೆ ಯಾರು ಹೋದರು, ಯಾರು ಉಳಿದರು, ಅದನ್ನು ಯಾರು ತೀರ್ಮಾನಿಸಿದರು? ಪ್ರೀತಿ ಎಷ್ಟಿತ್ತು ಎಂಬುದು ಅದನ್ನು ತೀರ್ಮಾನಿಸಲಿಲ್ಲ, ಮದುವೆಗೆ ಯಾವ ಕಾಗದ ಇತ್ತು ಎಂಬುದು ತೀರ್ಮಾನಿಸಿತು ಎಂದು ನನಗೆ ಅನ್ನಿಸಿದೆ.

ಮೊದಮೊದಲು ಕಂಪನಿಗೆ ಇಂಥ ಮದುವೆಗಳ ಬಗ್ಗೆ ಮುಜುಗರ ಇರಲಿಲ್ಲ. 1687ರಲ್ಲಿ ಲಂಡನ್ನಿನ ನಿರ್ದೇಶಕರು ಮದರಾಸಿಗೆ ಬರೆದು, ಸಿಪಾಯಿಗಳು ಇಲ್ಲಿನ ಹೆಂಗಸರನ್ನು ಮದುವೆಯಾಗಲಿ, ಹುಟ್ಟಿ ದೀಕ್ಷಾಸ್ನಾನ ಪಡೆದ ಪ್ರತಿ ಮಗುವಿಗೂ ತಾಯಿಗೆ ಒಂದು ವರಹ ಕೊಡಿ ಎಂದಿದ್ದರು. ಆಗ ಕಂಪನಿಗೆ ಬೇಕಾಗಿದ್ದದ್ದು ಕೋಟೆ ಕಾಯುವ ಜನ. ನೂರು ವರ್ಷದಲ್ಲಿ ಲೆಕ್ಕ ತಿರುಗಿತು. 1786ರಲ್ಲಿ, ತೀರಿಕೊಂಡ ಅಧಿಕಾರಿಗಳಿಗೆ ಭಾರತೀಯ ಹೆಂಗಸರಲ್ಲಿ ಹುಟ್ಟಿದ ಅನಾಥ ಮಕ್ಕಳನ್ನು ಕಲ್ಕತ್ತೆಯ ಅನಾಥಶಾಲೆಯಿಂದ ಓದಿಗೆ ಇಂಗ್ಲೆಂಡಿಗೆ ಕಳಿಸಬಾರದೆಂದು ಆಜ್ಞೆಯಾಯಿತು. 1791ರಲ್ಲಿ, ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದರೂ ಅಂಥವರಿಗೆ ಕಂಪನಿಯ ಆಡಳಿತ, ಸೈನ್ಯ, ನೌಕಾಸೇವೆಗಳಲ್ಲಿ ಹುದ್ದೆಯಿಲ್ಲ ಎಂದಾಯಿತು. 1795ರ ಹೊತ್ತಿಗೆ ಅವರಿಗೆ ಸೈನ್ಯದಲ್ಲಿ ಉಳಿದದ್ದು ಕೊಳಲೂದುವ, ತಮಟೆ ಹೊಡೆಯುವ, ಕುದುರೆಗೆ ಲಾಳ ಕಟ್ಟುವ ಕೆಲಸ.

ಅವರ ಉಯಿಲುಗಳೂ ಇದೇ ಕಥೆ ಹೇಳುತ್ತವೆ. ವಿಲಿಯಂ ಡಾಲ್ರಿಂಪಲ್ 2002ರ ತನ್ನ 'ವೈಟ್ ಮೊಘಲ್ಸ್' ಪುಸ್ತಕದಲ್ಲಿ ಬಂಗಾಳದ ಉಯಿಲುಗಳ ಲೆಕ್ಕ ಕೊಡುತ್ತಾನೆ. 1780ರಿಂದ 85ರವರೆಗಿನ ಉಯಿಲುಗಳಲ್ಲಿ ಮೂರರಲ್ಲಿ ಒಂದು ಭಾರತೀಯ ಸಂಗಾತಿಗೋ ಆಕೆಯ ಮಕ್ಕಳಿಗೋ ಏನಾದರೂ ಬಿಟ್ಟುಹೋಗುತ್ತಿತ್ತು. 1805ರಿಂದ 10ರ ನಡುವೆ ಅದು ನಾಲ್ಕರಲ್ಲಿ ಒಂದಾಯಿತು, 1830ಕ್ಕೆ ಆರರಲ್ಲಿ ಒಂದು. ಆ ಶತಮಾನದ ನಡುವಿಗೆ ಬಂದರೆ ಇಂಥ ಉಲ್ಲೇಖಗಳು ಹೆಚ್ಚುಕಡಿಮೆ ಮಾಯವಾಗಿವೆ. ಇತಿಹಾಸಕಾರ್ತಿ ದುರ್ಬಾ ಘೋಷ್ ತೋರಿಸಿರುವಂತೆ, ಉಲ್ಲೇಖ ಇದ್ದಲ್ಲೂ ಹೆಂಗಸಿನ ಹೆಸರು ಇರಬೇಕೆಂದೇನಿಲ್ಲ. 'ನನ್ನೊಡನಿದ್ದ ದೇಶೀ ಹೆಂಗಸು' ಎಂಬರ್ಥದ ಒಂದು ಮಾತಿನಲ್ಲಿ ಹಲವು ವರ್ಷಗಳ ಸಂಸಾರ ಮುಗಿದುಹೋಗುತ್ತಿತ್ತು.

ಈ ತಿರುವಿಗೂ ನಮ್ಮ ಮೈಸೂರಿಗೂ ಸಂಬಂಧವಿದೆ. ಟಿಪ್ಪು ಇರುವ ತನಕ ಕಂಪನಿಗೆ ದೇಶದೊಳಗೆ ಸ್ನೇಹಿತರು ಬೇಕಿತ್ತು. ದರ್ಬಾರಿನ ಭಾಷೆ, ಉಡುಪು, ನೆಂಟಸ್ತಿಕೆ ಬಲ್ಲ ಅಧಿಕಾರಿ ಆಗ ಬೆಲೆಬಾಳುವ ಮನುಷ್ಯ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದಕ್ಷಿಣದಲ್ಲಿ ಕಂಪನಿಗೆ ಸರಿಸಾಟಿ ಯಾರೂ ಉಳಿಯಲಿಲ್ಲ. ಅಳಿಯನಾಗಿ ಬರುತ್ತಿದ್ದವನು ದೊರೆಯಾದ. ದೊರೆಗೆ ನೆಂಟಸ್ತಿಕೆ ಅವಮಾನವಾಗಿ ಕಾಣತೊಡಗಿತು.

ಖೈರುನ್ನೀಸಾಳ ಕಥೆ ನಡೆದದ್ದು ಸರಿಯಾಗಿ ಈ ತಿರುವಿನಲ್ಲಿ. ಶ್ರೀರಂಗಪಟ್ಟಣದ ಮುತ್ತಿಗೆಗೆ ನಿಜಾಮನ ಸೈನ್ಯವನ್ನು ಕರೆತಂದ ಮೀರ್ ಆಲಂ ಆಕೆಯ ಮನೆತನದ ನೆಂಟ. ಹೈದರಾಬಾದು ಅಂದರೆ ನಮಗೆ ಹೊರಗಿನದೂ ಅಲ್ಲ. ಕನ್ನಡ ಸೀಮೆಯ ಒಂದು ದೊಡ್ಡ ಭಾಗ ನಿಜಾಮನ ಆಳ್ವಿಕೆಯಲ್ಲೇ ಇತ್ತು. ಅಲ್ಲಿನ ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಮದರಾಸಿನಲ್ಲೇ ಹುಟ್ಟಿದವನು, ಪಾರಸಿ ಬಲ್ಲವನು, ಹೈದರಾಬಾದಿ ಉಡುಪು ತೊಡುತ್ತಿದ್ದವನು. 1800ರ ಹೊತ್ತಿಗೆ ಆತ ಮುಸ್ಲಿಂ ಪದ್ಧತಿಯಂತೆ ಖೈರುನ್ನೀಸಾಳನ್ನು ಮದುವೆಯಾದ. ಇದು ಕಲ್ಕತ್ತೆಗೆ ಮುಟ್ಟಿತು. ಗವರ್ನರ್ ಜನರಲ್ ವೆಲ್ಲೆಸ್ಲಿ ವಿಚಾರಣೆ ಮಾಡಿಸಿದ. ಕರ್ಕ್‌ಪ್ಯಾಟ್ರಿಕ್ ಹುದ್ದೆ ಉಳಿಸಿಕೊಂಡ, ಹೆಂಡತಿಯನ್ನೂ ಬಿಡಲಿಲ್ಲ. ಆಕೆಗಾಗಿ ರೆಸಿಡೆನ್ಸಿಯ ಆವರಣದಲ್ಲಿ ಜನಾನಾ ಕಟ್ಟಿಸಿದ. ಗೋಷಾದಲ್ಲಿದ್ದ ಆಕೆ ಮುಖ್ಯ ಕಟ್ಟಡವನ್ನು ಸುತ್ತಿ ನೋಡುವಂತಿರಲಿಲ್ಲವೆಂದು ಅದರ ಪುಟ್ಟ ಮಾದರಿಯೊಂದನ್ನು ತೋಟದಲ್ಲಿ ಮಾಡಿಸಿಕೊಟ್ಟನೆಂಬ ಹೇಳಿಕೆ ಇದೆ. ಆ ರೆಸಿಡೆನ್ಸಿ ಮುಂದೆ ಹೆಣ್ಣುಮಕ್ಕಳ ಕಾಲೇಜಾಯಿತು.

ಇಬ್ಬರು ಮಕ್ಕಳಾದರು. ಮನೆಯಲ್ಲಿ ಸಾಹಿಬ್ ಆಲಂ, ನೂರುನ್ನೀಸಾ. 1805ರಲ್ಲಿ, ಮಗನಿಗೆ ನಾಲ್ಕು, ಮಗಳಿಗೆ ಮೂರು ವಯಸ್ಸಿದ್ದಾಗ, ಅವರನ್ನು ಇಂಗ್ಲೆಂಡಿಗೆ, ತಾತನ ಮನೆಗೆ, ಕಳಿಸುವುದೆಂದು ಕರ್ಕ್‌ಪ್ಯಾಟ್ರಿಕ್ ನಿರ್ಧರಿಸಿದ. 1791ರ ಆಜ್ಞೆಯ ನಂತರ ಇಲ್ಲಿ ಆ ಮಕ್ಕಳಿಗೆ ಯಾವ ಭವಿಷ್ಯ ಉಳಿದಿದೆ ಎಂಬುದು ಆತನಿಗೆ ಗೊತ್ತಿತ್ತು. ಮದರಾಸಿನಲ್ಲಿ ಜಾರ್ಜ್ ಚಿನರಿ ಮಕ್ಕಳಿಬ್ಬರ ಚಿತ್ರ ಬರೆದ. ಹೈದರಾಬಾದಿ ಜರತಾರಿ ಉಡುಪಿನಲ್ಲಿ ನಿಂತ ಎರಡು ಮಕ್ಕಳು. ಆ ಸೆಪ್ಟೆಂಬರಿನಲ್ಲಿ ಅವರು 'ಲಾರ್ಡ್ ಹಾಕ್ಸ್‌ಬರಿ' ಎಂಬ ಹಡಗು ಹತ್ತಿದರು. ತಾಯಿ ಹತ್ತಲಿಲ್ಲ. ಮರುತಿಂಗಳು, ಅಕ್ಟೋಬರ್ 15ರಂದು, ಕರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ಕಾಯಿಲೆಯಿಂದ ಸತ್ತ.

ಆತನ ಉಯಿಲು ಆ ಕಾಲದ ಉಯಿಲುಗಳಲ್ಲಿ ಅಪರೂಪದ್ದು. ಅದರಲ್ಲಿ ಹೆಂಡತಿಯ ಹೆಸರಿದೆ, ಗೌರವದ ಮಾತಿದೆ. ಆದರೂ ಮಕ್ಕಳ ವಿಷಯಕ್ಕೆ ಬಂದಾಗ, ಇಂಗ್ಲಿಷ್ ಕಾನೂನಿನಲ್ಲಿ ಮದುವೆಯ ಹೊರಗೆ ಹುಟ್ಟಿದವರಿಗೆ ಬಳಸುವ ಪದವನ್ನೇ ಆತ ಬಳಸಬೇಕಾಯಿತು. ನಿಕಾಹ್ ಹೈದರಾಬಾದಿನಲ್ಲಿ ಮದುವೆ. ಲಂಡನ್ನಿನ ಕೋರ್ಟಿನಲ್ಲಿ ಅದು ಏನೂ ಅಲ್ಲ. ಮಕ್ಕಳು ಲಂಡನ್ನಿನಲ್ಲಿ ವಿಲಿಯಂ ಜಾರ್ಜ್, ಕ್ಯಾಥರೀನ್ ಅರೋರಾ ಆದರು. ತಾಯಿಯೊಡನೆ ಪತ್ರವ್ಯವಹಾರ ಇರಲಿಲ್ಲ. ಕಿಟ್ಟಿ ಎಂದು ಹೆಸರಾದ ಆ ಮಗಳು ನಡುವಯಸ್ಸಿನಲ್ಲಿ, 1841ರ ಹೊತ್ತಿಗೆ, ಇನ್ನೂ ಬದುಕಿದ್ದ ಅಜ್ಜಿ ಶರಫುನ್ನೀಸಾಗೆ ಪತ್ರ ಬರೆಯುವ ದಾರಿ ಕಂಡುಕೊಂಡಳು. ಅಜ್ಜಿ ಪಾರಸಿಯಲ್ಲಿ ಉತ್ತರ ಬರೆಸಿದಳು. ಜೊತೆಗೆ ಖೈರುನ್ನೀಸಾಳ ಕೂದಲಿನ ಒಂದು ಎಳೆಗುಚ್ಛ ಕಳಿಸಿದಳು. ಚಿನರಿಯ ಚಿತ್ರವೂ ಕೊನೆಗೆ ಕಿಟ್ಟಿಯ ಕೈಸೇರಿತು. ಆಕೆ 1889ರಲ್ಲಿ ಇಂಗ್ಲೆಂಡಿನ ಟಾರ್ಕೀಯಲ್ಲಿ ತೀರಿಕೊಂಡಳು.

ಇದನ್ನು ಓದಿದಾಗ, ತಾಯಿಯನ್ನೂ ಕರೆದೊಯ್ದಿದ್ದರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಕರೆದೊಯ್ದವನ ಕಥೆಯೂ ನಮ್ಮ ಮುಂದಿದೆ. ಸವಾಯ್ ಪ್ರಾಂತ್ಯದ ಬೆನ್ವಾ ದ ಬ್ವಾನ್ಯ್ ಮಹಾದಜಿ ಸಿಂಧಿಯಾನ ಸೈನ್ಯವನ್ನು ಕಟ್ಟಿದ ಸೇನಾಪತಿ. ಅಪಾರ ಹಣ ಗಳಿಸಿ, ನೂರ್ ಬೇಗಂ ಎಂಬ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು 1797ರಲ್ಲಿ ಲಂಡನ್ ಸೇರಿದ. ಅಲ್ಲಿ ಆಕೆ ಹೆಲೆನ್ ಬೆನೆಟ್ ಆದಳು. ಮರುವರ್ಷವೇ ಆತ ಫ್ರೆಂಚ್ ಶ್ರೀಮಂತ ಮನೆತನದ, ಇನ್ನೂ ಹದಿಹರೆಯದ ಅಡೆಲ್ ದೋಸ್‌ಮೊಂಡ್ ಎಂಬವಳನ್ನು ಮದುವೆಯಾದ. ಮೊದಲ ಮದುವೆಯನ್ನು ಮುರಿಯುವ ಅಗತ್ಯವೇ ಬೀಳಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅದು ನಡೆದೇ ಇರಲಿಲ್ಲ. ಹೆಲೆನ್‌ಗೆ ವರ್ಷಾಶನ ಗೊತ್ತುಮಾಡಿದ. ಲಖನೌದಿಂದ ಹೋಗಿದ್ದ ಪ್ರವಾಸಿ ಅಬೂ ತಾಲಿಬ್ ಆಕೆಯನ್ನು ಲಂಡನ್ನಿನಲ್ಲಿ ಕಂಡ. ಆಕೆ ಇಂಗ್ಲಿಷ್ ಉಡುಪಿನಲ್ಲಿದ್ದಳು, ಲಖನೌದಲ್ಲಿದ್ದ ತಾಯಿಗೆ ತಲುಪಿಸಲು ಪತ್ರ ಕೊಟ್ಟಳು ಎಂದು ಬರೆದಿದ್ದಾನೆ. ಆ ಮೇಲೆ ಅರ್ಧ ಶತಮಾನ ಆಕೆ ಸಸೆಕ್ಸಿನ ಹಳ್ಳಿಗಾಡಿನಲ್ಲಿ ಬಾಳಿದಳು. 1853ರಲ್ಲಿ ಅಲ್ಲೇ ಸತ್ತಳು.

ಒಬ್ಬಳನ್ನು ಬಿಟ್ಟುಹೋದರು, ಇನ್ನೊಬ್ಬಳನ್ನು ಕರೆದೊಯ್ದು ಬಿಟ್ಟರು. ಬಿಟ್ಟವರ ಮನಸ್ಸು ಬೇರೆಬೇರೆ. ಕರ್ಕ್‌ಪ್ಯಾಟ್ರಿಕ್ ಹೆಂಡತಿಗಾಗಿ ಹುದ್ದೆಯನ್ನೇ ಪಣಕ್ಕಿಟ್ಟವನು, ದ ಬ್ವಾನ್ಯ್ ಹಾಗಲ್ಲ. ಆದರೆ ಹೆಂಗಸರ ಪಾಲಿಗೆ ಇಬ್ಬರ ನಡುವಿನ ಅಂತರ ನಾವು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ಎರಡೂ ಕಡೆ ಮದುವೆ ಗಂಡನ ಮನಸ್ಸಿನಲ್ಲಿ ಮಾತ್ರ ನಿಂತಿತ್ತು. ಅವನು ಸತ್ತರೆ ಹೋಯಿತು, ಮನಸ್ಸು ತಿರುಗಿದರೂ ಹೋಯಿತು.

ಮೂರನೆಯ ದಾರಿಯೂ ಇತ್ತು. ಅದು ಹಿಂದಿರುಗದೆ ಇರುವುದು. ಜನರಲ್ ವಿಲಿಯಂ ಪಾಮರ್ ತನ್ನ ಹೆಂಡತಿ ಫೈಜ್ ಬಕ್ಷ್ ಜೊತೆ ಭಾರತದಲ್ಲೇ ಉಳಿದು 1816ರಲ್ಲಿ ಇಲ್ಲೇ ಸತ್ತ. ಅವರ ಮಗ ವಿಲಿಯಂ ಹೈದರಾಬಾದಿನಲ್ಲಿ ದೊಡ್ಡ ಸಾಹುಕಾರನಾದ. ಆ ಮಗನ ಮಗಳು ಮೇರಿಯನ್ನು ಮದುವೆಯಾದವನು ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಫಿಲಿಪ್ ಮೆಡೋಸ್ ಟೇಲರ್, 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಂಡವನು. ಮೇರಿ ಆ ದಶಕದಲ್ಲೇ ತೀರಿಕೊಂಡಳು. ಟೇಲರ್ 1860ರಲ್ಲಿ ಒಬ್ಬಂಟಿಯಾಗಿ ನಿವೃತ್ತನಾಗಿ ಮರಳಿದ.

ಮರಳಿದ ಮೇಲೆ ಆತ ಬರೆದ ಕಾದಂಬರಿಗಳಲ್ಲಿ 1872ರ 'ಸೀತಾ' ಒಂದು. 1857ರ ದಂಗೆಯ ಕಾಲ. ಇಂಗ್ಲಿಷ್ ಅಧಿಕಾರಿ ಸಿರಿಲ್ ಬ್ರಾಂಡನ್ ಒಬ್ಬ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. ದಂಗೆಯಾಗಿ ಹದಿನೈದು ವರ್ಷ ಕಳೆದಿರುವಾಗ, ಇಂಗ್ಲಿಷ್ ಓದುಗರ ಮುಂದೆ ಇಂಥ ಮದುವೆಯನ್ನು ಗೌರವದಿಂದ ಚಿತ್ರಿಸುವುದಕ್ಕೆ ಧೈರ್ಯ ಬೇಕು. ಸೀತೆಯನ್ನು ಟೇಲರ್ ಸಂಸ್ಕೃತ ಬಲ್ಲ, ತನ್ನದೇ ಬುದ್ಧಿ, ಘನತೆ ಇರುವ ಹೆಣ್ಣಾಗಿ ಕಟ್ಟಿದ್ದಾನೆ. ಆದರೆ ಕೊನೆಗೆ ಆಕೆ ಗಂಡನ ಶತ್ರುವಿನ ಭರ್ಜಿಗೆ ಬಲಿಯಾಗುತ್ತಾಳೆ. ಬ್ರಾಂಡನ್ ಒಬ್ಬ ಇಂಗ್ಲಿಷ್ ಹೆಣ್ಣನ್ನು ಮದುವೆಯಾಗಿ ಊರಿಗೆ ಮರಳುತ್ತಾನೆ. ಫೈಜ್ ಬಕ್ಷಳ ಮೊಮ್ಮಗಳೊಡನೆ ಬಾಳಿದ ಲೇಖಕನಿಗೂ ಸೀತೆಯನ್ನು ಹಡಗು ಹತ್ತಿಸಲು ಆಗಲಿಲ್ಲ. ಇಂಗ್ಲೆಂಡಿನ ಮನೆಯ ಊಟದ ಮೇಜಿನ ಮುಂದೆ ಸೀತೆಯನ್ನು ಕೂರಿಸಿದರೆ ಮುಂದೇನು ಎಂಬ ಪ್ರಶ್ನೆ ಬಂದೀತೆಂದು ಕಾದಂಬರಿ ಆಕೆಯನ್ನು ಮೊದಲೇ ಕೊಲ್ಲುತ್ತದೆ ಎಂದು ನನಗೆ ಓದುವಾಗ ಅನ್ನಿಸಿತು. ಸಾಹಿತ್ಯ ಓದುವವರಿಗೆ ಇದೂ ಒಂದು ದಾಖಲೆಯೇ.

ಕರಾವಳಿಯಲ್ಲಿ ಅದೇ ಕಾಲಕ್ಕೆ ಪ್ರಯಾಣ ತಿರುಗುಮುರುಗಾಯಿತು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತರಾಗಿ, ತಮ್ಮ ಗುರು ಹರ್ಮನ್ ಮೋಗ್ಲಿಂಗರ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮಂಗಳೂರಿಗೆ ಮರಳಿದರು. 1860ರಲ್ಲಿ ಅವರು ಮದುವೆಯಾದದ್ದು ಜರ್ಮನಿಯ ಮರೀ ರೈನ್‌ಹಾರ್ಟ್ ಅವರನ್ನು. ಹೊರಗಿನ ಹೆಂಡತಿ ಈ ಸಲ ಇಲ್ಲಿಗೆ ಬಂದರು. ಮಿಶನ್ನಿನ ಮದುವೆಗಳು ಬಾಸೆಲಿನ ಸಮಿತಿಯ ಒಪ್ಪಿಗೆ ಪಡೆದು, ಚರ್ಚಿನ ಪುಸ್ತಕದಲ್ಲಿ ದಾಖಲಾಗಿ ನಡೆಯುತ್ತಿದ್ದವು. ಹಾಗಾಗಿ ಮರೀ ಯಾರು ಎಂಬ ಪ್ರಶ್ನೆಗೆ ಎರಡು ಖಂಡಗಳಲ್ಲೂ ಒಂದೇ ಉತ್ತರವಿತ್ತು. ಖೈರುನ್ನೀಸಾಗೆ ಇಲ್ಲದೆ ಹೋದದ್ದು ಇದೇ.

ಇನ್ನು, ಹೆಸರು ಬರೆದಿಡದ ತಾಯಂದಿರ ಮಕ್ಕಳು ಏನಾದರು? ಅವರಲ್ಲಿ ಬಹುಪಾಲು ಜನ ಇಲ್ಲೇ ಉಳಿದು ಒಂದು ಸಮುದಾಯವಾದರು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಭೂಮಿಯನ್ನು ಮೈಸೂರು ಮತ್ತು ಕೊಡಗಿನ ಯುರೇಷಿಯನ್, ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೊಟ್ಟರು. ಸಂಘದ ಮುಂದಾಳು ಡಿ. ಎಸ್. ವೈಟ್ ಹೆಸರಿನಲ್ಲಿ ಅದು ವೈಟ್‌ಫೀಲ್ಡ್ ಆಯಿತು. ಇಂದು ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳಿರುವ ಜಾಗ, ಒಂದು ಕಾಲಕ್ಕೆ ಹಡಗು ಹತ್ತದೆ ಉಳಿದವರ ವಂಶದವರು ಹೊಲ ಉತ್ತು ಬದುಕಲೆಂದು ಕೊಟ್ಟ ಹಳ್ಳಿ. ಸ್ವಾತಂತ್ರ್ಯದ ನಂತರ ಈ ಸಮುದಾಯದ ಸಾವಿರಾರು ಜನ ತಾವು ಎಂದೂ ನೋಡದ ಬ್ರಿಟನ್ನನ್ನು 'ಹೋಂ' ಎಂದು ಕರೆಯುತ್ತ ಹೊರಟರು. 1971ರ ಕಾನೂನು ಆ ಬಾಗಿಲನ್ನು ಕಿರಿದು ಮಾಡಿತು. ಬ್ರಿಟನ್ನಿನಲ್ಲಿ ಹುಟ್ಟಿದ ಹಿರಿಯರ ಕಾಗದ ತೋರಿಸುವ ಪಾಡು ಬಂತು. ಬಿಳಿಯ ಮುತ್ತಾತನ ಜನನಪತ್ರಕ್ಕೆ ಹುಡುಕಾಡಿದ ಮನೆಗಳಲ್ಲಿ ಮುತ್ತಜ್ಜಿಯ ಹೆಸರು ಯಾರಿಗೂ ಬೇಕಾಗಲಿಲ್ಲ.

ಹಿಂದಿರುಗದೆ ಉಳಿದ ಪಾಮರ್‌ನ ಹಾದಿ ನಮ್ಮ ಕಾಲದವರೆಗೂ ಬಂದಿದೆ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ರಷ್ಯನ್ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ಪತ್ನಿ, ಚಿತ್ರನಟಿ ದೇವಿಕಾರಾಣಿ ದಶಕಗಳ ಕಾಲ ಬಾಳಿದರು. 1945ರಲ್ಲಿ ಮದುವೆಯಾದವರು, 1993ರಲ್ಲಿ ಅವರು, 1994ರಲ್ಲಿ ಇವರು ಬೆಂಗಳೂರಿನಲ್ಲೇ ತೀರಿಕೊಂಡರು. ಮಕ್ಕಳಿರಲಿಲ್ಲ. ಆಸ್ತಿಯ ವ್ಯಾಜ್ಯ ಎದ್ದು, 1996ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದು ಎಸ್ಟೇಟನ್ನು ವಹಿಸಿಕೊಂಡಿತು; 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಮರಳುವವರ ವಿಷಯದಲ್ಲಿ ಕಾನೂನು ಬದಲಾದದ್ದು ಒಬ್ಬ ಭಾರತೀಯನಿಂದ ಎಂಬುದು ಅಷ್ಟಾಗಿ ಜನಕ್ಕೆ ತಿಳಿಯದು. ಸುರಿಂದರ್ ಸಿಂಗ್ ಎಂಬ ಭಾರತದ ಪ್ರಜೆ 1982ರಲ್ಲಿ ಬ್ರಿಟಿಷ್ ಪ್ರಜೆಯೊಬ್ಬರನ್ನು ಮದುವೆಯಾದರು. ಇಬ್ಬರೂ 1983ರಿಂದ 85ರವರೆಗೆ ಜರ್ಮನಿಯಲ್ಲಿ ದುಡಿದು, ವ್ಯಾಪಾರ ಮಾಡಲು ಬ್ರಿಟನ್ನಿಗೆ ಮರಳಿದರು. ಮದುವೆ ಬಿರುಕು ಬಿಟ್ಟಾಗ ಗಂಡನನ್ನು ದೇಶ ಬಿಡಿಸಲು ಸರ್ಕಾರ ಹೊರಟಿತು. ವ್ಯಾಜ್ಯ ಯುರೋಪಿಯನ್ ನ್ಯಾಯಾಲಯಕ್ಕೆ ಹೋಯಿತು. 1992ರ ಜುಲೈ 7ರಂದು ತೀರ್ಪು ಬಂತು: ಇನ್ನೊಂದು ಸದಸ್ಯ ದೇಶದಲ್ಲಿ ದುಡಿದು ತನ್ನ ದೇಶಕ್ಕೆ ಮರಳುವ ಪ್ರಜೆಯ ಜೊತೆಗೆ ಬರಲು, ಇರಲು ಸಂಗಾತಿಗೂ ಹಕ್ಕಿದೆ. ಹೊರಗಿನ ಸಂಗಾತಿಯೊಡನೆ ಊರಿಗೆ ಮರಳುವುದು ಅಲ್ಲಿಯವರೆಗೆ ಸರ್ಕಾರದ ದಯೆಯಾಗಿತ್ತು, ಇಲ್ಲಿ ಹಕ್ಕಾಯಿತು. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಅಲ್ಲಿ ಈ ದಾರಿ ಮುಚ್ಚಿದೆ. 2024ರ ಏಪ್ರಿಲ್‌ನಿಂದ, ಹೊರದೇಶದ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳುವವರು ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು. ಜರ್ಮನಿಗೆ ಹೋಗುವ ಸಂಗಾತಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮೊದಲು ಜರ್ಮನ್ ಭಾಷೆಯ ಆರಂಭಿಕ ಪರೀಕ್ಷೆ ಪಾಸು ಮಾಡಬೇಕು. ಅಲ್ಲಿ ಮದುವೆ ಮುರಿದರೆ ಸ್ವಂತ ಹಕ್ಕಿನಿಂದ ಉಳಿಯಲು ಸಾಮಾನ್ಯವಾಗಿ ಮೂರು ವರ್ಷ ಜೊತೆಯಲ್ಲಿ ಬಾಳಿರಬೇಕು. ದ ಬ್ವಾನ್ಯ್ ಹೆಲೆನ್‌ಳನ್ನು ಒಂದೇ ವರ್ಷದಲ್ಲಿ ಬಿಟ್ಟಿದ್ದ.

ಇದೆಲ್ಲ ದೂರದ ಮಾತಲ್ಲ. ಚನ್ನಪಟ್ಟಣದಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳು ಹೊರದೇಶದವರ ಪಕ್ಕದ ಮೇಜಿನಲ್ಲಿ ದುಡಿಯುತ್ತಾರೆ. ಅವರಲ್ಲಿ ಕೆಲವರು ಮದುವೆಯಾಗುತ್ತಾರೆ, ಮದುವೆಯಾದವರಲ್ಲಿ ಕೆಲವರು ಹೊರಡುತ್ತಾರೆ. 1954ರ ವಿಶೇಷ ವಿವಾಹ ಕಾಯ್ದೆಯಂತೆ ಮೂವತ್ತು ದಿನದ ನೋಟಿಸು ಕೊಟ್ಟು, ಮೂವರು ಸಾಕ್ಷಿಗಳ ಎದುರು ಸಹಿ ಹಾಕುವಾಗ ಅದು ಬೇಸರದ ಕೆಲಸವಾಗಿ ಕಾಣಬಹುದು. ಮನೆಯವರು ಛತ್ರ, ಅಡುಗೆ, ಸೀರೆಗಳ ಗಡಿಬಿಡಿಯಲ್ಲಿ ಇದನ್ನು ಆಮೇಲೆ ನೋಡಿಕೊಂಡರಾಯಿತು ಅನ್ನುತ್ತಾರೆ. ಅಂಥವರಿಗೆ ನಾನು ಖೈರುನ್ನೀಸಾಳ ಕಥೆ ಹೇಳುತ್ತೇನೆ. ಆಕೆಯ ನಿಕಾಹ್ ಸುಳ್ಳಾಗಿರಲಿಲ್ಲ, ಗಂಡ ಕೆಟ್ಟವನಾಗಿರಲಿಲ್ಲ. ಮಕ್ಕಳು ಹಡಗು ಹತ್ತಿದ ದಿನ, ಸಮುದ್ರದ ಆಚೆ ಓದಿದರೂ ಅರ್ಥವಾಗುವಂಥ ಒಂದು ಹಾಳೆ ಆಕೆಯ ಕೈಯಲ್ಲಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೊಡುವ ಪ್ರಮಾಣಪತ್ರದಲ್ಲಿ ಎರಡು ಹೆಸರುಗಳು ಅಕ್ಕಪಕ್ಕ ಇರುತ್ತವೆ. ನಿಮ್ಮ ಹೆಸರಿನ ಕಾಗುಣಿತ ಸರಿಯಾಗಿದೆಯೇ ನೋಡಿಕೊಳ್ಳಿ. ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ.